ಶಿಲ್ಲಾಂಗಿನ ರಾಕ್ ತಂಡ ಮೊದಲ ಬಾರಿ ಬೆಂಗಳೂರಿಗೆ ಬರುತ್ತಿದೆ: ಶನಿವಾರದ ದಿನವನ್ನು ಹೇಗೆ ಹೊಂದಿಸಲಿ?

ಎಂಟನೇ ಅಡ್ಡರಸ್ತೆ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಶಿಲ್ಲಾಂಗಿನ ಐದು ಜನರ ರಾಕ್ ತಂಡವೊಂದು ಈ ಶನಿವಾರ ಬೆಂಗಳೂರಿನಲ್ಲಿ ನುಡಿಸಲಿದೆ. ಮುಂಬೈ, ಪುಣೆ, ಬೆಂಗಳೂರು, ಚೆನ್ನೈ, ಇದು ಅವರ ದಾರಿ. ಐವರಲ್ಲಿ ಒಬ್ಬರೂ ಇದುವರೆಗೆ ಬೆಂಗಳೂರನ್ನು ಕಂಡವರಲ್ಲ. ಗುರುವಾರ ಪುಣೆಯ ಕಾರ್ಯಕ್ರಮ ಮುಗಿಸಿ, ಶುಕ್ರವಾರ ಸಂಜೆ ಸ್ಲೀಪರ್ ಬಸ್ ಹತ್ತಿ, ಶನಿವಾರ ಬೆಳಿಗ್ಗೆ ಎಂಟರ ಸುಮಾರಿಗೆ ಗೊರಗುಂಟೆಪಾಳ್ಯದಲ್ಲಿ ಇಳಿಯುತ್ತಾರೆ. ಇಂದಿರಾನಗರದಲ್ಲಿ ಮುನ್ನೂರು ಜನ ಹಿಡಿಸುವ ಒಳಾಂಗಣದಲ್ಲಿ ಸಂಜೆ ಏಳಕ್ಕೆ ಕಾರ್ಯಕ್ರಮ. ಭಾನುವಾರ ಮಧ್ಯಾಹ್ನ ಬೃಂದಾವನ ಎಕ್ಸ್‌ಪ್ರೆಸ್‌ನಲ್ಲಿ ಚೆನ್ನೈಗೆ ಹೊರಡುತ್ತಾರೆ.

ಆಯೋಜಕರ ಪರವಾಗಿ ಇಡೀ ದಿನ ಅವರ ಜೊತೆಗಿರುವ ಕೆಲಸ ನನ್ನದು. ಮಲ್ಲೇಶ್ವರದಲ್ಲಿ ಬೆಣ್ಣೆ ಮಸಾಲೆ ದೋಸೆ, ಅರಮನೆ, ಲಾಲ್‌ಬಾಗ್, ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳು, ಐದು ಗಂಟೆಗೆ ಸಭಾಂಗಣ ಎಂದು ಯೋಚಿಸಿದ್ದೇನೆ. ನಮ್ಮ ಊರಿನ ಬಗ್ಗೆ ಒಳ್ಳೆಯ ಮಾತಾಡಿಕೊಂಡು ಅವರು ಮುಂದಿನ ಊರಿಗೆ ಹೋಗಬೇಕು ಎಂಬ ಆಸೆ. ಇನ್ನೇನು ಸೇರಿಸಲಿ?

ಕಬ್ಬನ್ ಪಾರ್ಕ್ ನಡಿಗೆ (ಸೋಮವಾರ ರಾತ್ರಿ)

ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ತೋರಿಸಿ. ಸೈನ್ಯದ ಬ್ಯಾಂಡುಗಳು ಅಲ್ಲಿ ನುಡಿಸುತ್ತಿದ್ದ ಕಾಲದಿಂದಲೂ ಈ ಊರಿನ ಕಿವಿಗೆ ಪಾಶ್ಚಾತ್ಯ ವಾದ್ಯಗಳ ಪರಿಚಯವಿದೆ. ವಾದ್ಯ ನುಡಿಸುವವರಿಗೆ ಇಷ್ಟವಾಗುತ್ತದೆ.

ಅರಮನೆ ಮೈದಾನ 2007 (ಮಂಗಳವಾರ ಬೆಳಿಗ್ಗೆ)

ಅರಮನೆಯ ಒಳಗೆ ಹೋಗದಿದ್ದರೂ ಪರವಾಗಿಲ್ಲ, ಮೈದಾನವನ್ನು ಮಾತ್ರ ತೋರಿಸದೆ ಕಳಿಸಬೇಡಿ. 2002ರ ಏಪ್ರಿಲ್‌ನಲ್ಲಿ ರೋಜರ್ ವಾಟರ್ಸ್ ಅಲ್ಲಿ ಹಾಡಿದರು. ಮರುವರ್ಷದ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬಂದರು. ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ ನಡೆದದ್ದು ಮುಂಬೈಯಲ್ಲಲ್ಲ, ದೆಹಲಿಯಲ್ಲಲ್ಲ, ನಮ್ಮಲ್ಲಿ. 2005ರಲ್ಲಿ ಮಾರ್ಕ್ ನಾಪ್‌ಫ್ಲರ್. 2007ರ ಮಾರ್ಚ್ 17ರಂದು ಐರನ್ ಮೇಡನ್, ಅದೇ ಜೂನ್‌ನಲ್ಲಿ ಏರೋಸ್ಮಿತ್. ಐರನ್ ಮೇಡನ್ ದಿನ ನಾನು ಅಲ್ಲಿದ್ದೆ. ಕೋಲ್ಕತ್ತಾದಿಂದ, ಗುವಾಹಟಿಯಿಂದ, ಕೊಚ್ಚಿಯಿಂದ ರೈಲು ಹಿಡಿದು ಬಂದ ಹುಡುಗರು ಪಕ್ಕದಲ್ಲಿ ನಿಂತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದಿದ್ದರೂ ಹಾಡಿನ ಪ್ರತಿ ಸಾಲೂ ಎಲ್ಲರ ಬಾಯಲ್ಲಿತ್ತು.

2011ರ ಅಕ್ಟೋಬರ್ ಇನ್ನೊಂದು ಸಂಗತಿ. ಮೆಟಾಲಿಕಾ 28ರಂದು ಗುರುಗ್ರಾಮದಲ್ಲಿ ನುಡಿಸಬೇಕಿತ್ತು. ಅದು ರದ್ದಾಯಿತು, ಸಿಟ್ಟಿಗೆದ್ದ ಜನ ವೇದಿಕೆಗೆ ನುಗ್ಗಿ ಸಾಮಾನು ಮುರಿದರು. ಎರಡೇ ದಿನಗಳ ನಂತರ, 30ರಂದು, ಅದೇ ತಂಡ ಬೆಂಗಳೂರಿನಲ್ಲಿ ಪೂರ್ತಿ ಕಾರ್ಯಕ್ರಮ ಕೊಟ್ಟಿತು. ದೇಶದ ರಾಕ್ ರಾಜಧಾನಿ ಎಂಬ ಹೆಸರು ನಮಗೆ ಪುಕ್ಕಟೆ ಸಿಕ್ಕಿದ್ದಲ್ಲ.

ಮಿಕ್ಸರ್ ಹಿಂದೆ (ಮಂಗಳವಾರ ಮಧ್ಯಾಹ್ನ)

ಧ್ವನಿ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ವೃತ್ತಿ. ಈ ಪಟ್ಟಿ ಓದಿ ಸುಮ್ಮನಿರಲಾಗಲಿಲ್ಲ.

ಪುಣೆಯಿಂದ ಬೆಂಗಳೂರಿಗೆ ಎಂಟುನೂರು ಕಿಲೋಮೀಟರಿಗೂ ಹೆಚ್ಚು. ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿ ಬಂದವರನ್ನು ಇಳಿದ ಕೂಡಲೇ ದೋಸೆಗೆ ಸಾಲಿನಲ್ಲಿ ನಿಲ್ಲಿಸಿ, ಅರಮನೆ ಸುತ್ತಿಸಿ, ಲಾಲ್‌ಬಾಗಿನಲ್ಲಿ ನಡೆಸಿ, ಸಂಜೆ ಐದಕ್ಕೆ ವೇದಿಕೆ ತೋರಿಸಿದರೆ ಏಳು ಗಂಟೆಗೆ ಅವರ ಕೈಯಲ್ಲಿ ಏನು ಉಳಿದಿರುತ್ತದೆ? ಹಾಡುಗಾರರ ಗಂಟಲನ್ನಂತೂ ಕೇಳುವುದೇ ಬೇಡ. ಅವರು ಊರು ನೋಡಲು ಬರುತ್ತಿಲ್ಲ, ನುಡಿಸಲು ಬರುತ್ತಿದ್ದಾರೆ. ಒಂದೂವರೆ ಗಂಟೆ ವೇದಿಕೆಯ ಮೇಲೆ ಚೆನ್ನಾಗಿ ನುಡಿಸಲು ಬೇಕಾದ ಹತ್ತು ಗಂಟೆಗಳನ್ನು ನಾವು ಕೊಡಬೇಕು. ಆತಿಥ್ಯ ಎಂದರೆ ನನ್ನ ಮಟ್ಟಿಗೆ ಅಷ್ಟೇ.

ಬಸ್ಸಿನಿಂದ ನೇರ ಕೋಣೆಗೆ ಕರೆದುಕೊಂಡು ಹೋಗಿ. ಬಹಳ ಹೋಟೆಲುಗಳು ಕೋಣೆ ಕೊಡುವುದೇ ಮಧ್ಯಾಹ್ನ ಹನ್ನೆರಡಕ್ಕೆ. ಇವತ್ತೇ ಫೋನ್ ಮಾಡಿ ಬೆಳಿಗ್ಗೆಯಿಂದಲೇ ಬೇಕೆಂದು ಹೇಳಿ. ಸ್ನಾನ, ತಿಂಡಿ, ಎರಡು ಗಂಟೆಯವರೆಗೆ ನಿದ್ದೆ. ಮೂರಕ್ಕೆ ಸೌಂಡ್ ಚೆಕ್. ದೋಸೆ, ಲಾಲ್‌ಬಾಗ್ ಎಲ್ಲವೂ ಭಾನುವಾರ ಬೆಳಿಗ್ಗೆ ಇದ್ದೇ ಇವೆ. ಆಗ ಅವರ ಮನಸ್ಸೂ ಹಗುರವಾಗಿರುತ್ತದೆ.

ಸೌಂಡ್ ಚೆಕ್ ಮೂರಕ್ಕೆ ಏಕೆ ಎಂದು ಕೇಳುವವರಿಗೆ: ಡ್ರಮ್ಸ್ ಒಂದಕ್ಕೇ ಏಳೆಂಟು ಮೈಕ್. ಒಂದೊಂದನ್ನೂ ಪ್ರತ್ಯೇಕವಾಗಿ ಕೇಳಿ ಹೊಂದಿಸಬೇಕು. ಆಮೇಲೆ ಬಾಸ್, ಎರಡು ಗಿಟಾರ್, ಕೀಬೋರ್ಡ್, ಕಂಠಗಳು. ಅದಾದ ನಂತರ ಮಾನಿಟರ್, ಅಂದರೆ ವೇದಿಕೆಯ ಮೇಲೆ ಅವರ ಕಡೆಗೇ ಮುಖ ಮಾಡಿರುವ ಸ್ಪೀಕರುಗಳು. ಹಾಡುವವರಿಗೆ ತಮ್ಮ ಕಂಠ ಕೇಳಿಸಬೇಕು, ಡ್ರಮ್ಮರ್‌ಗೆ ಬಾಸ್ ಕೇಳಿಸಬೇಕು. ಇದನ್ನು ಅವಸರದಲ್ಲಿ ಮಾಡಿದರೆ ಹಾಡುಗಾರರು ತಮ್ಮ ದನಿ ತಮಗೇ ಕೇಳಿಸದೆ ಕಿರುಚುತ್ತಾರೆ, ಮೂರನೇ ಹಾಡಿಗೇ ಗಂಟಲು ಕಟ್ಟುತ್ತದೆ. ಖಾಲಿ ಸಭಾಂಗಣದಲ್ಲಿ ಹೊಂದಿಸಿದ ಸದ್ದು ಜನ ತುಂಬಿದ ಮೇಲೆ ಬೇರೆಯಾಗುತ್ತದೆ; ಮೈ, ಬಟ್ಟೆ ಎಲ್ಲವೂ ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತವೆ. ಅದಕ್ಕೂ ಸ್ವಲ್ಪ ಎಡೆ ಬಿಟ್ಟುಕೊಂಡು ಹೊಂದಿಸಬೇಕು.

ಬಾಸ್ ತಂತಿ (ಮಂಗಳವಾರ ಸಂಜೆ)

ಶನಿವಾರ ಮೊದಲು ನುಡಿಸುವ ಕಾಲೇಜು ತಂಡದಲ್ಲಿ ನಾನಿದ್ದೇನೆ. ನಮಗೂ ಸೌಂಡ್ ಚೆಕ್ ಸಿಗುತ್ತದೆಯೇ ಸರ್?

ಮಿಕ್ಸರ್ ಹಿಂದೆ (ಮಂಗಳವಾರ ಸಂಜೆ)

ಖಂಡಿತ ಸಿಗಬೇಕು. ಕೊನೆಯಲ್ಲಿ ನುಡಿಸುವವರು ಮೊದಲು, ಮೊದಲು ನುಡಿಸುವವರು ಕೊನೆಗೆ. ಹಾಗೆ ಮಾಡಿದರೆ ನಿಮ್ಮ ಮೈಕು, ಕೇಬಲ್ಲು ಹೊಂದಿಸಿದಂತೆಯೇ ಇರುತ್ತವೆ, ಏಳಕ್ಕೆ ಸರಿಯಾಗಿ ಶುರು ಮಾಡಬಹುದು. ಅವರಿಗೆ ಮೂರರಿಂದ ನಾಲ್ಕೂವರೆ, ನಿಮಗೆ ಐದರಿಂದ ಐದೂಮುಕ್ಕಾಲು. ಅವರು ಹೊಂದಿಸುವಾಗ ನೀವು ಕೆಳಗೆ ಕುಳಿತು ನೋಡಿ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ಹುಬ್ಬಳ್ಳಿ ಡ್ರಮ್ಸ್ (ಮಂಗಳವಾರ ರಾತ್ರಿ)

ಮಿಕ್ಸರ್ ಹಿಂದೆ ಇರುವ ಸರ್ ಹೇಳಿದ ಒಂದೊಂದು ಮಾತಿಗೂ ನನ್ನ ಸಹಿ ಇದೆ. ನಾವು ಹುಬ್ಬಳ್ಳಿಯವರು, ಕನ್ನಡದಲ್ಲೇ ರಾಕ್ ಹಾಡುತ್ತೇವೆ. ಮೊದಲ ಸಲ ಬೆಂಗಳೂರಿಗೆ ಬಂದಾಗ ಈ ಊರು ನಮಗೂ ಶಿಲ್ಲಾಂಗಿನವರಿಗೆ ಇರುವಷ್ಟೇ ಅಪರಿಚಿತ. ಮಧ್ಯಾಹ್ನ ಎರಡಕ್ಕೇ ಬನ್ನಿ ಎಂದಿದ್ದರು, ಬಂದೆವು. ಊರಿನ ದೊಡ್ಡ ತಂಡವೊಂದು ಆರೂವರೆಯವರೆಗೆ ವೇದಿಕೆ ಬಿಡಲಿಲ್ಲ. ನಮ್ಮ ಸರದಿ ಬರುವಾಗ ಬಾಗಿಲು ತೆರೆದು ಜನ ಒಳಗೆ ಬರುತ್ತಿದ್ದರು. ಬಾಸ್ ಎಷ್ಟು ಕೇಳಿಸುತ್ತದೆ ಎಂದು ನೋಡಲೂ ಸಮಯವಿಲ್ಲದೆ ಹಾಡು ಶುರು ಮಾಡಿದೆವು. ಆ ರಾತ್ರಿ ನಾವು ನಮ್ಮಂತೆ ಕೇಳಿಸಲೇ ಇಲ್ಲ. ಊರಿಗೆ ಮರಳುವಾಗ ರಾಣೆಬೆನ್ನೂರು ದಾಟುವವರೆಗೂ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಹೊರಗಿನಿಂದ ಬಂದವನಿಗೆ ಆ ಊರಿನಲ್ಲಿ ಇರುವುದು ಅದೊಂದೇ ಸಂಜೆ. ಊರಿನವರಿಗೆ ಮುಂದಿನ ವಾರವೂ ಇರುತ್ತದೆ. ಇದನ್ನು ಆಯೋಜಕರು ಯಾವತ್ತೂ ಮರೆಯಬಾರದು.

ಈಗ ಕೆಲಸದ ಮಾತು. ಡ್ರಮ್ ಸೆಟ್ ಇಲ್ಲಿಯೇ ಬಾಡಿಗೆಗೆ ತರುತ್ತೀರಿ ಎಂದುಕೊಂಡಿದ್ದೇನೆ. ದೂರದಿಂದ ಬರುವ ಡ್ರಮ್ಮರ್ ಸಾಮಾನ್ಯವಾಗಿ ಸ್ನೇರ್ ಎಂಬ ಚಿಕ್ಕ ಡ್ರಮ್, ಸಿಂಬಲ್ ಎಂಬ ಲೋಹದ ತಟ್ಟೆಗಳು, ಕಾಲಿನ ಪೆಡಲ್ ಮಾತ್ರ ತರುತ್ತಾರೆ, ಕೇಳಿ ಖಚಿತಪಡಿಸಿಕೊಳ್ಳಿ. ಎಲ್ಲರೂ ಮರೆಯುವ ವಸ್ತು ಒಂದಿದೆ: ಡ್ರಮ್ಸ್ ಕೆಳಗಿನ ಹಾಸು. ವೇದಿಕೆ ಗ್ರಾನೈಟ್ ಆಗಿದ್ದರೆ, ಪಾಲಿಶ್ ಮಾಡಿದ ಮರವಾಗಿದ್ದರೆ, ಒದ್ದಂತೆಲ್ಲ ಬಾಸ್ ಡ್ರಮ್ ಮುಂದಕ್ಕೆ ಜಾರುತ್ತದೆ. ಡ್ರಮ್ಮರ್ ಎಡಗಾಲಿನಿಂದ ಹೈ-ಹ್ಯಾಟ್, ಅಂದರೆ ಕಾಲಿನಿಂದ ಒತ್ತುವ ಜೋಡಿ ತಟ್ಟೆ, ಹಿಡಿದುಕೊಂಡೇ ಬಲಗಾಲಿನಿಂದ ಡ್ರಮ್ಮನ್ನು ಹಿಂದಕ್ಕೆ ಎಳೆದುಕೊಳ್ಳುತ್ತ ನುಡಿಸಬೇಕಾಗುತ್ತದೆ. ತೆಳ್ಳನೆಯ ಕಾರ್ಪೆಟ್ ಹಾಸಿದರೆ ಅದೂ ಸುಕ್ಕುಗಟ್ಟುತ್ತದೆ. ನಾನು ನವಲಗುಂದದ ಜಮಖಾನ ಹಾಸುತ್ತೇನೆ. ದಪ್ಪ ಹತ್ತಿಯದು, ಒತ್ತಾಗಿ ನೇಯ್ದದ್ದು. ಡ್ರಮ್ಮಿನ ಕಾಲುಗಳ ಮೊನೆ ಅದರಲ್ಲಿ ಕಚ್ಚಿ ನಿಲ್ಲುತ್ತದೆ. ಮನೆಯಲ್ಲಿ ಅಜ್ಜಿಯ ಕಾಲದ ಜಮಖಾನ ಇದ್ದರೆ ತನ್ನಿ. ಆರಡಿಗೆ ಆರಡಿ ಇದ್ದರೆ ಸಾಕು.

ಎಂಟನೇ ಅಡ್ಡರಸ್ತೆ (ಮಂಗಳವಾರ ರಾತ್ರಿ)

ತುಂಬಾ ಉಪಯೋಗವಾಯಿತು. ಸುತ್ತಾಟವನ್ನು ಭಾನುವಾರಕ್ಕೆ ಹಾಕಿದ್ದೇನೆ, ಕೋಣೆ ಬೆಳಿಗ್ಗೆಯಿಂದಲೇ ಸಿಗುತ್ತದೆ. ಜಮಖಾನ ಮನೆಯಲ್ಲೇ ಇದೆ, ಅಮ್ಮ ಒಪ್ಪಿದ್ದಾರೆ. ಊಟದ ಬಗ್ಗೆ ಹೇಳಿ. ಏನು ಕೊಡಲಿ?

ಲೈತುಮ್‌ಖ್ರಾ ನೆನಪು (ಬುಧವಾರ ಬೆಳಿಗ್ಗೆ)

ನಾನು ಬೆಂಗಳೂರಿನವಳು, ಆದರೆ ಹಲವು ವರ್ಷ ಶಿಲ್ಲಾಂಗಿನಲ್ಲಿ ಪಾಠ ಹೇಳಿದವಳು. ನಿಮ್ಮ ಪ್ರಶ್ನೆ ನೋಡಿ ಸಂತೋಷವಾಯಿತು.

ಶಿಲ್ಲಾಂಗಿನ ಖಾಸಿ ಜನರ ಮನೆಗಳಲ್ಲಿ ಅನ್ನ ಮುಖ್ಯ. ಹಂದಿಮಾಂಸದ ಜೊತೆ ಬೇಯಿಸಿದ ಅನ್ನ ಜಾದೋ, ಕರಿಎಳ್ಳು ಹಾಕಿದ ಹಂದಿಮಾಂಸ ದೊಹ್‌ನೇಯೋಂಗ್, ಇವು ಅವರಿಗೆ ಊರ ಊಟ. ಹಾಗೆಂದು ಎಲ್ಲರೂ ಅದನ್ನೇ ತಿನ್ನುತ್ತಾರೆ ಎಂದುಕೊಳ್ಳಬೇಡಿ, ಮೊದಲೇ ಕೇಳಿ. ಎಂಟು ದಿನಗಳಿಂದ ಹೊರಗಿನ ಊಟ ಉಂಡು ಬರುವವರು ಅನ್ನ, ಸಾರು, ಒಂದಿಷ್ಟು ಬಿಸಿ ಪಲ್ಯ ಇಟ್ಟರೂ ಖುಷಿಪಡುತ್ತಾರೆ.

ಸಂಗೀತದ ವಿಷಯದಲ್ಲಿ ಅವರಿಗೆ ನಾವು ಹೊಸದಾಗಿ ಹೇಳಿಕೊಡಬೇಕಾದದ್ದೇನೂ ಇಲ್ಲ. ಲೂ ಮಜಾವ್ ಎಂಬ ಹಿರಿಯರು 1972ರಿಂದ ಪ್ರತಿ ಮೇ 24ರಂದು ಬಾಬ್ ಡಿಲನ್ ಹುಟ್ಟುಹಬ್ಬಕ್ಕೆ ಅಲ್ಲಿ ಹಾಡುತ್ತ ಬಂದಿದ್ದಾರೆ. ಸೋಲ್‌ಮೇಟ್ ಎಂಬ ಬ್ಲೂಸ್ ತಂಡ ಆ ಊರಿನದೇ. ಚರ್ಚಿನ ಗಾಯನವೃಂದದಲ್ಲಿ ಹಾಡಿ ಬೆಳೆದ ಮಕ್ಕಳು ಮನೆಮನೆಯಲ್ಲಿದ್ದಾರೆ. ರಾಕ್ ರಾಜಧಾನಿ ಯಾವುದು ಎಂಬ ಮಾತು ಬಂದರೆ ಶಿಲ್ಲಾಂಗಿನವರಿಗೂ ಹೇಳಲು ಬಹಳವಿದೆ.

ಇನ್ನೊಂದು ವಿಷಯ ಬರೆಯಲೇಬೇಕು. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆ ಸುದ್ದಿ ಶಿಲ್ಲಾಂಗಿನ ಪ್ರತಿ ಮನೆಯನ್ನೂ ತಲುಪಿತ್ತು. ಈ ಹುಡುಗರು ಆಗ ಚಿಕ್ಕವರು, ಆದರೆ ಬೆಂಗಳೂರು ಎಂದಾಗ ಅವರ ಮನೆಯವರಿಗೆ ಅದೂ ನೆನಪಾಗುತ್ತದೆ. ಯಾವ ದೇಶದವರು ಎಂದು ಆಟೋದಲ್ಲಿ, ಹೋಟೆಲಿನಲ್ಲಿ, ಸಭಾಂಗಣದ ಬಾಗಿಲಲ್ಲಿ ಯಾರಾದರೂ ಕೇಳಿದರೆ ಅವರು ನಕ್ಕು ಉತ್ತರ ಹೇಳುತ್ತಾರೆ, ಒಳಗೆ ನೋಯುತ್ತದೆ. ಬಾಗಿಲಲ್ಲಿ ನಿಲ್ಲುವ ಸಿಬ್ಬಂದಿಗೆ ಒಂದು ಮಾತು ಮೊದಲೇ ಹೇಳಿಡಿ. ತಂಡದವರಿಗೆ ಕೊಡುವ ಗುರುತಿನ ಕೈಪಟ್ಟಿಯನ್ನು ಬೆಳಿಗ್ಗೆಯೇ ಕೊಟ್ಟುಬಿಡಿ. ತಮ್ಮದೇ ಕಾರ್ಯಕ್ರಮಕ್ಕೆ ಬಂದವರು ಹೊರಗೆ ನಿಂತು ತಾವು ಯಾರೆಂದು ಹೇಳಿಕೊಳ್ಳುವಂತೆ ಆಗಬಾರದು.

ಕುಶಾಲನಗರದವಳು (ಬುಧವಾರ ಮಧ್ಯಾಹ್ನ)

ಮೇಡಂ ಬರೆದದ್ದು ಓದಿ ಹೇಳುತ್ತಿದ್ದೇನೆ: ಭಾನುವಾರ ಮಧ್ಯಾಹ್ನ ನಮ್ಮ ಹಂದಿಮಾಂಸದ ಪಂದಿ ಕರಿ, ಅಕ್ಕಿಯ ಉಂಡೆ ಕಡಂಬುಟ್ಟು ಕೊಡಿಸಿ. ಕೊಡವ ಊಟದ ಹೋಟೆಲುಗಳು ಬೆಂಗಳೂರಿನಲ್ಲಿ ಇವೆ. ಕಾಚಂಪುಳಿಯ ಹುಳಿ, ಹುರಿದ ಮಸಾಲೆಯ ಕಪ್ಪು ಬಣ್ಣ ನೋಡಿದರೆ ಅವರಿಗೆ ಪರಕೀಯ ಅನ್ನಿಸಲಿಕ್ಕಿಲ್ಲ. ಶನಿವಾರ ಮಾತ್ರ ಬೇಡ, ಭಾರದ ಊಟ ಮಾಡಿ ಹಾಡಲಾಗುವುದಿಲ್ಲ.

ಇಂದಿರಾನಗರ ನಿವಾಸಿ (ಬುಧವಾರ ರಾತ್ರಿ)

ಸಂಗೀತಕ್ಕೆ ನನ್ನ ವಿರೋಧವಿಲ್ಲ ಎಂದು ಮೊದಲೇ ಹೇಳುತ್ತೇನೆ. ಆದರೆ ಅಂಥ ಒಂದು ಜಾಗದ ಹಿಂದಿನ ರಸ್ತೆಯಲ್ಲೇ ನಮ್ಮ ಮನೆ. ಹಾಸಿಗೆ ಹಿಡಿದ ಮಾವನವರು, ಪರೀಕ್ಷೆಗೆ ಓದುವ ಮಗಳು ಇದ್ದಾರೆ. ಗೋಡೆಯ ಮೂಲಕ ಬರುವುದು ಹಾಡಲ್ಲ, ಬಾಸ್ ಗುದ್ದು ಮಾತ್ರ. ಕಿಟಕಿ ಮುಚ್ಚಿದರೂ ನಿಲ್ಲುವುದಿಲ್ಲ. ಹತ್ತು ಗಂಟೆಗೆ ಮುಗಿಸಿ ಎಂದಷ್ಟೇ ನಾವು ಕೇಳುತ್ತಿರುವುದು.

ಅರಮನೆ ಮೈದಾನ 2007 (ಬುಧವಾರ ರಾತ್ರಿ)

ರಾತ್ರಿ ಹತ್ತರ ನಿಯಮ ಬಯಲಿಗೆ, ಮುಚ್ಚಿದ ಸಭಾಂಗಣಕ್ಕೆ ಅಲ್ಲ. ದೂರದಿಂದ ಬಂದ ತಂಡವನ್ನು ಅರ್ಧಕ್ಕೆ ನಿಲ್ಲಿಸುವುದು ಸರಿಯಲ್ಲ.

ಮಿಕ್ಸರ್ ಹಿಂದೆ (ಗುರುವಾರ ಬೆಳಿಗ್ಗೆ)

ಎರಡೂ ಕಡೆ ನ್ಯಾಯವಿದೆ, ನಿಯಮವನ್ನು ಪೂರ್ತಿಯಾಗಿ ಓದೋಣ. ಶಬ್ದ ಮಾಲಿನ್ಯ ನಿಯಂತ್ರಣದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣದೊಳಗಿನ ಬಳಕೆಗೆ ವಿನಾಯಿತಿ ಇದೆ, ನಿಜ. ಆದರೆ ಹೊರಗೆ ಸೋರುವ ಸದ್ದಿಗೆ ವಿನಾಯಿತಿ ಇಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಎಂದು ಮಿತಿ ಇದೆ. ಇಂದಿರಾನಗರದಲ್ಲಿ ಮುಂದಿನ ರಸ್ತೆ ಅಂಗಡಿಗಳದ್ದು, ಹಿಂದಿನ ರಸ್ತೆ ಮನೆಗಳದ್ದು. ಜಗಳ ಹುಟ್ಟುವುದೇ ಅಲ್ಲಿ.

ನಿವಾಸಿಯವರು ಹೇಳಿದ ಗುದ್ದು ನಿಜವಾದ ತೊಂದರೆ. ಮೇಲಿನ ಸ್ವರಗಳನ್ನು ಒಂದು ಗೋಡೆ, ಒಂದು ದಪ್ಪ ಪರದೆ ತಡೆಯುತ್ತದೆ. ಕೆಳಗಿನ ಸ್ವರಗಳ ಅಲೆ ಉದ್ದ, ಅದು ಕಟ್ಟಡವನ್ನೇ ನಡುಗಿಸಿಕೊಂಡು ಆಚೆ ಹೋಗುತ್ತದೆ. ಆದ್ದರಿಂದ ಸೌಂಡ್ ಚೆಕ್ ವೇಳೆ ನಾನು ಒಬ್ಬರನ್ನು ಹಿಂದಿನ ರಸ್ತೆಗೆ ಕಳಿಸಿ ಫೋನಿನಲ್ಲಿ ಕೇಳುತ್ತೇನೆ. ಹಿಂಬಾಗಿಲು ಮುಚ್ಚಿದೆಯೇ, ಕೆಳಗಿನ ಸ್ವರಗಳ ಸ್ಪೀಕರ್ ಆದ ಸಬ್‌ವೂಫರ್ ನೇರವಾಗಿ ಗೋಡೆಗೆ ತಾಗಿಕೊಂಡಿದೆಯೇ ಎಂದು ನೋಡುತ್ತೇನೆ. ಅಷ್ಟರಿಂದಲೇ ಎಷ್ಟೋ ಕಡಿಮೆಯಾಗುತ್ತದೆ. ಉಳಿದದ್ದು ಗಡಿಯಾರದ ಕೆಲಸ. ಏಳಕ್ಕೆ ಎಂದರೆ ಏಳಕ್ಕೇ ಶುರುವಾಗಲಿ. ಕಾಲೇಜು ತಂಡ ಏಳೂಮುಕ್ಕಾಲಿಗೆ ಇಳಿಯಲಿ, ಶಿಲ್ಲಾಂಗಿನವರು ಎಂಟೂಕಾಲಿಗೆ ಹತ್ತಲಿ, ಒಂಬತ್ತೂಮುಕ್ಕಾಲಿಗೆ ಮುಗಿಸಲಿ. ಯಾರನ್ನೂ ಅರ್ಧಕ್ಕೆ ನಿಲ್ಲಿಸುವ ಪ್ರಮೇಯವೇ ಬರುವುದಿಲ್ಲ. ಜನ ಒಂಬತ್ತಕ್ಕೆ ಬರುತ್ತಾರೆ ಎಂದು ಕಾಯುತ್ತ ಕೂತರೆ ಮಾತ್ರ ಎಲ್ಲವೂ ಕೆಡುತ್ತದೆ. ಟಿಕೆಟ್ ಕೊಂಡವರೆಲ್ಲರಿಗೂ ನನ್ನ ಕಳಕಳಿಯ ಮನವಿ: ಏಳಕ್ಕೆ ಬನ್ನಿ. ಊರು ಮಾಡಬಹುದಾದ ದೊಡ್ಡ ಸಹಾಯ ಅದು.

ಇಂದಿರಾನಗರ ನಿವಾಸಿ (ಗುರುವಾರ ಬೆಳಿಗ್ಗೆ)

ಇಷ್ಟು ವಿವರವಾಗಿ ಯಾರೂ ನಮಗೆ ಉತ್ತರ ಕೊಟ್ಟಿರಲಿಲ್ಲ. ಧನ್ಯವಾದ. ಶನಿವಾರ ಹಿಂದಿನ ರಸ್ತೆಯಲ್ಲಿ ಕೇಳಲು ಯಾರಾದರೂ ಬೇಕಿದ್ದರೆ ನಾನೇ ನಿಲ್ಲುತ್ತೇನೆ.

ಬಾಸ್ ತಂತಿ (ಗುರುವಾರ ಸಂಜೆ)

ನಾವು ಎರಡು ಹೆಸರಾಂತ ಇಂಗ್ಲಿಷ್ ಹಾಡು ಸೇರಿಸಬೇಕೆಂದಿದ್ದೇವೆ. ಸ್ವಂತ ಹಾಡಿಗೆ ಜನ ಸುಮ್ಮನೆ ನಿಲ್ಲುತ್ತಾರೆ, ಬೇರೆಯವರ ಹಾಡಿಗೆ ಕುಣಿಯುತ್ತಾರೆ. ಶಿಲ್ಲಾಂಗಿನವರಿಗೂ ಹಾಗೆ ಕೂಗಿ ಕೇಳಿದರೆ?

ಹುಬ್ಬಳ್ಳಿ ಡ್ರಮ್ಸ್ (ಗುರುವಾರ ರಾತ್ರಿ)

ತಮ್ಮಾ, ಸ್ವಂತ ಹಾಡನ್ನೇ ಹಾಡು. ಸುಮ್ಮನೆ ನಿಂತವರು ಕೇಳುತ್ತಿದ್ದಾರೆ ಎಂದೇ ತಿಳಿ. ಶಿಶುನಾಳ ಶರೀಫರ ಪದಗಳನ್ನು ಗಿಟಾರ್ ಹಿಡಿದು ರಘು ದೀಕ್ಷಿತ್ ಹಾಡಿದಾಗ ಅದು ಯಾವ ಇಂಗ್ಲಿಷ್ ಹಾಡಿನ ನಕಲೂ ಆಗಿರಲಿಲ್ಲ. ಅದಕ್ಕೇ ಲಂಡನ್ನಿನವರೂ ಕಿವಿಗೊಟ್ಟರು. ಸಾವಿರಾರು ಕಿಲೋಮೀಟರ್ ದೂರದಿಂದ ಬಂದ ಹುಡುಗರ ಮುಂದೆ ನಿಂತು ಬೇರೆ ಯಾರದೋ ಹಾಡು ಹಾಡಿ ಎಂದು ಕೂಗುವುದು ನನಗೆ ಸಹಿಸಲಾಗದ ಸಂಗತಿ. ಅವರ ಹಾಡುಗಳು ಅಂತರ್ಜಾಲದಲ್ಲಿ ಇದ್ದರೆ ಕೊಂಡಿ ಇಲ್ಲಿ ಹಾಕಿ, ಉಳಿದ ಎರಡು ದಿನ ಕೇಳಿಕೊಂಡು ಹೋಗೋಣ. ಮುಂದಿನ ಸಾಲಿನಲ್ಲಿ ಇಪ್ಪತ್ತು ಜನ ಪಲ್ಲವಿ ಹಿಡಿದರೆ ಉಳಿದವರೂ ಹಿಡಿಯುತ್ತಾರೆ.

ಎಂಟನೇ ಅಡ್ಡರಸ್ತೆ (ಶುಕ್ರವಾರ ಬೆಳಿಗ್ಗೆ)

ಕೊಂಡಿಗಳನ್ನು ಹಾಕಿದ್ದೇನೆ. ಕೊನೆಯ ಪ್ರಶ್ನೆ: ಗೊರಗುಂಟೆಪಾಳ್ಯದಿಂದ ಮೆಟ್ರೊದಲ್ಲಿ ಕರೆದುಕೊಂಡು ಬರಲೇ? ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಇಂದಿರಾನಗರದವರೆಗೂ ಮೆಟ್ರೊ ಇದೆ.

ಮಿಕ್ಸರ್ ಹಿಂದೆ (ಶುಕ್ರವಾರ ಬೆಳಿಗ್ಗೆ)

ಜನ ಮೆಟ್ರೊದಲ್ಲಿ, ಸಾಮಾನು ಟಾಟಾ ಏಸ್‌ನಲ್ಲಿ. ಗಿಟಾರ್ ಪೆಟ್ಟಿಗೆ, ಸಿಂಬಲ್ ಚೀಲ ಹೊತ್ತು ಮೆಜೆಸ್ಟಿಕ್‌ನಲ್ಲಿ ಹತ್ತಿಳಿಯುವುದು ಬೇಡ. ವಾಹನಕ್ಕೆ ಟಾರ್ಪಾಲು ಇರಲಿ, ಇದು ಅಕ್ಟೋಬರ್. ತಂಡದ ಒಬ್ಬರು ಸಾಮಾನಿನ ಜೊತೆಗೇ ಬರಲಿ, ಇಲ್ಲದಿದ್ದರೆ ಅವರಿಗೆ ದಾರಿಯುದ್ದಕ್ಕೂ ಚಿಂತೆ. ಒಂದು ವಿಷಯ ಸಭಾಂಗಣದವರಿಗೆ ಹೇಳಿಬಿಡಿ: ಡಿಜಿಟಲ್ ಮಿಕ್ಸರಿಗೆ ಯುಪಿಎಸ್ ಇರಬೇಕು. ಕರೆಂಟು ಹೋಗಿ ಜನರೇಟರ್ ಹತ್ತಿಕೊಳ್ಳುವ ಕೆಲವು ಕ್ಷಣದಲ್ಲೇ ಅದು ಆರಿ ಹೋಗುತ್ತದೆ, ಮತ್ತೆ ಏಳುವವರೆಗೆ ಇಡೀ ಸಭಾಂಗಣ ಮೂಕ. ಗಿಟಾರಿನಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ಪ್ಲಗ್ಗಿನ ಅರ್ಥಿಂಗ್ ಕಡ್ಡಿಯನ್ನು ಯಾರೂ ಕಿತ್ತುಹಾಕಬಾರದು. ಹಾಗೆ ಕಿತ್ತರೆ ಮೈಕಿಗೆ ತುಟಿ ತಾಗಿದಾಗ ಪ್ರಾಣಕ್ಕೇ ಅಪಾಯ. ನನ್ನನ್ನು ಕರೆಯಿರಿ.

ಎಂಟನೇ ಅಡ್ಡರಸ್ತೆ (ಭಾನುವಾರ ರಾತ್ರಿ)

ಈಗಷ್ಟೇ ಮನೆಗೆ ಬಂದೆ. ಬಸ್ಸು ಬಂದದ್ದು ಹತ್ತೂವರೆಗೆ, ತುಮಕೂರು ರಸ್ತೆಯಲ್ಲಿ ಸಿಕ್ಕಿಬಿದ್ದಿತ್ತು. ಹಳೆಯ ಪಟ್ಟಿಯಂತೆ ನಡೆದಿದ್ದರೆ ಎಲ್ಲವೂ ಅಲ್ಲೇ ಕುಸಿಯುತ್ತಿತ್ತು. ಕೋಣೆ ಸಿದ್ಧವಿತ್ತು, ಎರಡೂವರೆ ಗಂಟೆ ಮಲಗಿದರು. ಮೂರೂಕಾಲಿಗೆ ಡ್ರಮ್ಸ್ ಮೈಕು ಹೊಂದಿಸಲು ಶುರು. ಡ್ರಮ್ಮರ್ ಹುಡುಗಿ ಜಮಖಾನವನ್ನು ಕೈಯಿಂದ ಒತ್ತಿ ನೋಡಿ, ಡ್ರಮ್ಮಿನ ಮೊನೆಗಳನ್ನು ನೂಲಿಗೆ ಊರಿ, ನಾಲ್ಕು ಸಲ ಜೋರಾಗಿ ಒದ್ದು ನೋಡಿದರು. ಒಂದು ಅಂಗುಲವೂ ಜಾರಲಿಲ್ಲ. ಅದು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ ನವಲಗುಂದದ ಹೆಸರನ್ನು ಬರೆದುಕೊಂಡರು.

ನಿವಾಸಿಯವರು ಹೇಳಿದಂತೆಯೇ ಹಿಂದಿನ ರಸ್ತೆಯಲ್ಲಿ ನಿಂತರು. ಫೋನಿನಲ್ಲಿ ಅವರ ಮಾತು ಕೇಳಿ ಸರ್ ಸಬ್‌ವೂಫರನ್ನು ಗೋಡೆಯಿಂದ ಈಚೆಗೆ ಸರಿಸಿದರು. ಏಳು ಗಂಟೆಗೆ ಸಭಾಂಗಣ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಕಾಲೇಜು ಹುಡುಗರು ಐದೂ ಸ್ವಂತ ಹಾಡು ಹಾಡಿದರು. ಶಿಲ್ಲಾಂಗಿನವರ ಮೂರನೇ ಹಾಡು ಖಾಸಿ ಭಾಷೆಯದು. ಮುಂದಿನ ಸಾಲು ಪಲ್ಲವಿ ಹಿಡಿದಾಗ ಹಾಡುಗಾರ ಮೈಕು ಬಿಟ್ಟು ಹಿಂದೆ ಸರಿದು ಗಿಟಾರ್ ಮಾತ್ರ ನುಡಿಸುತ್ತ ನಿಂತರು. ಒಂಬತ್ತು ನಲವತ್ತಕ್ಕೆ ಮುಗಿಯಿತು.

ಬೆಳಿಗ್ಗೆ ದೋಸೆ, ಲಾಲ್‌ಬಾಗಿನ ಬಂಡೆ, ಮಧ್ಯಾಹ್ನ ಪಂದಿ ಕರಿ ಎಲ್ಲವೂ ಆಯಿತು.

ಮಿಕ್ಸರ್ ಹಿಂದೆ (ಭಾನುವಾರ ರಾತ್ರಿ)

ಚೆನ್ನೈನಲ್ಲಿ ಧ್ವನಿ ನೋಡಿಕೊಳ್ಳುವವರಿಗೆ ನಮ್ಮ ಇನ್‌ಪುಟ್ ಪಟ್ಟಿ (ಮಿಕ್ಸರಿಗೆ ಬರುವ ಮೈಕು, ವಾದ್ಯಗಳ ಪಟ್ಟಿ), ಯಾರಿಗೆ ಮಾನಿಟರಿನಲ್ಲಿ ಏನು ಎಷ್ಟು ಬೇಕು ಎಂಬ ಟಿಪ್ಪಣಿ ಎರಡನ್ನೂ ಕಳಿಸಿದ್ದೇನೆ. ಕೀಬೋರ್ಡ್ ನುಡಿಸುವವರ ಎಡಗಿವಿಗೆ ಸ್ವಲ್ಪ ಕಡಿಮೆ ಕೇಳಿಸುತ್ತದೆ, ಅವರ ಮಾನಿಟರನ್ನು ಬಲಕ್ಕೆ ಇಡಲು ಹೇಳಿದ್ದೇನೆ.

ಎಂಟನೇ ಅಡ್ಡರಸ್ತೆ (ಭಾನುವಾರ ರಾತ್ರಿ)

ಜಮಖಾನವನ್ನೂ ಅವರ ಜೊತೆಗೇ ಕಳಿಸಿದ್ದೇನೆ ಸರ್. ಚೆನ್ನೈನ ವೇದಿಕೆ ಗ್ರಾನೈಟ್ ಅಂತೆ.